ಎರಡನೆಯ ಪುಸ್ತಕ

ಮೂವತ್ತನಾಲ್ಕು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ಮತ್ತೆ ಮೊದಲನೆಯ ಬೆಂಚಿನ ಮೇಲೆ ಹೋಗಿ ಕುಳಿತರೆ ನೋಡುವವರಿಗೆ ನಗೆ ಬರುವುದು ಸಹಜವೇ. "ಮಾಸ್ತರರೇ, ಈ ವಯಸ್ಸಿನಲ್ಲಿ ಜಪಾನೀ ಭಾಷೆ ಏತಕ್ಕೆ? ವಿಷ್ಣುಸಹಸ್ರನಾಮ ಸಾಲದೆ?" ಎಂದು ನೆರೆಮನೆಯವರು ಕೇಳಿದ್ದುಂಟು. ಸಹಸ್ರನಾಮವು ದಿನವೂ ನಡೆದೇ ಇದೆ. ಅದು ಮುಗಿದ ಮೇಲಣ ಒಂದು ಗಂಟೆಯು ಮಾತ್ರ ಈ ವಿದ್ಯೆಗೆ. ಹೀಗೇಕಾಯಿತೆಂಬುದನ್ನು ಮೊದಲು ಅರಿಕೆಮಾಡಿಕೊಂಡರೆ, ಮುಂದೆ ಪುಸ್ತಕಗಳ ವಿಚಾರವಾಗಿ ನಾನು ಹೇಳಲಿರುವುದು ವಾಚಕರಿಗೆ ಒಣ ಚರ್ಚೆಯಾಗಿ ತೋರಲಾರದು.

ನನ್ನ ಮಗನು ನಗೋಯ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾಗ ಅಲ್ಲಿಯ ಕನ್ಯೆಯೊಬ್ಬಳನ್ನು ವರಿಸಿದನು. 2015ರಲ್ಲಿ ಲಗ್ನವು ನಮ್ಮೂರಿನಲ್ಲಿಯೇ ನಡೆಯಿತು. ಬೀಗಿತಿಯವರು ಬಂದು ಮೂರು ವಾರ ನಮ್ಮ ಮನೆಯಲ್ಲಿದ್ದರು. ಅವರಿಗೆ ಕನ್ನಡ ಬಾರದು, ಇಂಗ್ಲಿಷೂ ಬಾರದು. ನನ್ನ ಮನೆಯಾಕೆಗೆ ಕನ್ನಡವನ್ನುಳಿದು ಬೇರೊಂದು ಬಾರದು. ಆದರೂ ಅವರಿಬ್ಬರು ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಸಣ್ಣ ನೇರ ಹೊಲಿಗೆಗಳನ್ನು ಸಾಲುಸಾಲಾಗಿ ಹಾಕುವ ಈ ಕೆಲಸವು ನಮ್ಮ ಹೆಂಗಸರದೇ ಎಂದು ನಾನು ತಿಳಿದಿದ್ದೆನು. ಜಪಾನಿನಲ್ಲಿಯೂ ಬಟ್ಟೆಯ ಪದರಗಳನ್ನು ಅದೇ ರೀತಿ ಕೂಡಿಸುವ 'ಸಶಿಕೊ' ಎಂಬ ಹೊಲಿಗೆಯಿದೆಯೆಂದು ಆಮೇಲೆ ತಿಳಿಯಿತು. ಬೀಗಿತಿಯವರು ಊರಿಗೆ ಹೊರಟಾಗ ಕೌದಿಯು ಅರ್ಧವಾಗಿತ್ತು. ಮರುವರ್ಷ ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ಮನೆಯಾಕೆ ಅದನ್ನು ಮುಗಿಸಿ ಕಳುಹಿಸಿದಳು.

2021ರಲ್ಲಿ ಆಕೆ ತೀರಿಕೊಂಡಳು. ಮಹಾಮಾರಿಯ ಕಾಲವಾದುದರಿಂದ ಮಗನು ಬರಲಾಗಲಿಲ್ಲ. ಎರಡು ತಿಂಗಳಾದ ಮೇಲೆ ಬೀಗಿತಿಯವರಿಂದ ಒಂದು ಪತ್ರ ಬಂದಿತು. ತೆಳುವಾದ ಎರಡು ಹಾಳೆ, ಮೇಲಿನಿಂದ ಕೆಳಕ್ಕೆ ಬರೆದ ಸಾಲುಗಳು, ಕೈಬರಹ. ದೂರವಾಣಿಯ ಚಿತ್ರದಲ್ಲಿ ಮಗನಿಗೆ ತೋರಿಸಿದೆನು. ಅವನು ಎರಡನ್ನೂ ಕಣ್ಣಿನಲ್ಲಿ ಓದಿ, "ಅವರಿಗೆ ಬಹಳ ದುಃಖವಾಗಿದೆ, ಅಪ್ಪ. ಕೌದಿಯ ವಿಷಯ ಬರೆದಿದ್ದಾರೆ" ಎಂದು ಹೇಳಿ ಸುಮ್ಮನಾದನು. ತಾಯಿಯ ಮುಖವನ್ನು ಕಡೆಯ ಬಾರಿ ನೋಡಲು ಬಾರದೆ ಹೋದ ಮಗನಿಗೆ "ಉಳಿದುದನ್ನೂ ಓದು" ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡು ಹಾಳೆಯ ಪತ್ರ, ಎರಡು ವಾಕ್ಯದ ಅರ್ಥ. ನಡುವೆ ಉಳಿದದ್ದೇನು? ಪತ್ರವು ನನ್ನ ಹೆಸರಿಗೆ ಬಂದದ್ದು. ಅದನ್ನು ನಾನೇ ಓದುವುದು ಮರ್ಯಾದೆಯೆಂದು ನನಗೆ ತೋರಿತು.

ಮೊದಲನೆಯ ಮೆಟ್ಟಿಲು ಕಷ್ಟವಾಗಲಿಲ್ಲವೆಂದರೆ ಅದು ನನ್ನ ಹೆಚ್ಚುಗಾರಿಕೆಯಲ್ಲ; ಪಾಠಶಾಲೆಯ ಪುಣ್ಯ. ಜಪಾನೀ ಅಕ್ಷರಮಾಲೆಯ ಕ್ರಮವನ್ನು ಕಂಡಾಗ ಪರವೂರಿನ ಸಂತೆಯಲ್ಲಿ ಸೋದರಮಾವನನ್ನು ಕಂಡಂತಾಯಿತು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧಭಿಕ್ಷುಗಳ ಮೂಲಕ ಸಂಸ್ಕೃತದ ಸಿದ್ಧಮಾತೃಕೆಯನ್ನು ಕಲಿತ ಅಲ್ಲಿಯ ಪಂಡಿತರು ತಮ್ಮ ಅಕ್ಷರಗಳನ್ನು ಈ ಕ್ರಮದಲ್ಲಿ ಜೋಡಿಸಿದರು. ಹಕಾರದ ಸಾಲು ಪವರ್ಗದ ಸ್ಥಾನದಲ್ಲಿರುವುದಕ್ಕೂ ಕಾರಣವುಂಟು: ಪ್ರಾಚೀನ ಕಾಲದಲ್ಲಿ ಅದರ ಉಚ್ಚಾರವು ಪಕಾರವೇ ಆಗಿತ್ತು. ಕ್ರಿ. ಶ. 736ರಲ್ಲಿ ಬೋಧಿಸೇನನೆಂಬ ಭಾರತೀಯ ಭಿಕ್ಷುವು ಜಪಾನಿಗೆ ಹೋದನು; 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ನೇತ್ರೋನ್ಮೀಲನ ಮಾಡಿದವನು ಅವನೇ. ನಮ್ಮ 'ಕ್ಷಣ'ವು ಅಲ್ಲಿ 'ಸೆತ್ಸುನ' ಆಗಿದೆ. ನಮ್ಮ 'ದಾನ'ವು 'ದನ್ನ' ಆಗಿ, ಕೊಡುವ ಯಜಮಾನನಿಗೂ ಗಂಡನಿಗೂ ಹೆಸರಾಗಿದೆ. ಇಷ್ಟು ನಂಟಿದ್ದ ಮೇಲೆ ಧೈರ್ಯ ಬರದಿರುವುದೆ?

ಪ್ರಾರಂಭಕ್ಕೆ 'ಗೆಂಕಿ' ಎಂಬ ಪಠ್ಯವನ್ನು ತರಿಸಿಕೊಂಡೆನು. ಜಪಾನ್ ಟೈಮ್ಸ್ ಸಂಸ್ಥೆಯವರು 1999ರಲ್ಲಿ ಮೊದಲು ಪ್ರಕಟಿಸಿದ ಇದು 2020ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿದೆ. ಎರಡು ಸಂಪುಟಗಳಲ್ಲಿ 23 ಪಾಠ, 317 ಚೀನೀ ಲಿಪಿಯ ಅಕ್ಷರ. ಈ ಅಕ್ಷರಗಳಿಗೆ ಅಲ್ಲಿ 'ಕಾಂಜಿ' ಎನ್ನುವರು. ಒಂದೂವರೆ ವರ್ಷದಲ್ಲಿ ಎರಡು ಸಂಪುಟಗಳನ್ನೂ ಮುಗಿಸಿದೆನು. ಮುಗಿಸಿದ ದಿನ ಸ್ನಾನಮಾಡಿ, ಪತ್ರವನ್ನು ಪೆಟ್ಟಿಗೆಯಿಂದ ತೆಗೆದು, ಕನ್ನಡಕವನ್ನು ಒರೆಸಿಕೊಂಡು ಕುಳಿತೆನು. ಒಂದು ಸಾಲೂ ಪೂರ್ತಿಯಾಗಿ ತಿಳಿಯಲಿಲ್ಲ. ಅಲ್ಲೊಂದು 'ಮಳೆ', ಇಲ್ಲೊಂದು 'ಕೈ', ಕೆಳಗೊಂದು 'ನೆನಪು'. ಕತ್ತಲಲ್ಲಿ ಮಿಂಚುಹುಳುಗಳಂತೆ ಪದಗಳು ಕಂಡವು, ದಾರಿ ಕಾಣಲಿಲ್ಲ.

ಯಾವ ಭಾಷೆಯಲ್ಲಿಯೇ ಆಗಲಿ, ಮೊದಲನೆಯ ಪುಸ್ತಕಕ್ಕೂ ಎರಡನೆಯ ಪುಸ್ತಕಕ್ಕೂ ನಡುವೆ ಇರುವ ಹಳ್ಳವೇ ದೊಡ್ಡದು. ಮೊದಲನೆಯದರಲ್ಲಿ ಗುರುವು ಕೈಹಿಡಿದಿರುತ್ತಾನೆ; ಪ್ರತಿಯೊಂದು ವಾಕ್ಯವೂ ಕಲಿಯುವವನಿಗಾಗಿಯೇ ಕಟ್ಟಿದ್ದು. ಆಚೆಯ ದಡದಲ್ಲಿ ಜನರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಭಾಷೆಯಿದೆ; ಅದು ನಮಗಾಗಿ ಕಾಯುವುದಿಲ್ಲ. ಈ ಹಳ್ಳವನ್ನು ದಾಟುವ ಸಾಧನವನ್ನು ಆರಿಸುವುದರಲ್ಲಿ ನಾನು ಒಂದು ವರ್ಷ ಕಳೆದುಕೊಂಡೆನು. ಆ ತಪ್ಪುಗಳನ್ನು ಮರೆಮಾಚದೆ ಹೇಳುತ್ತೇನೆ.

ಮೊದಲನೆಯ ತಪ್ಪು ಆತುರದ್ದು. ನಾತ್ಸುಮೆ ಸೋಸೆಕಿಯವರ 'ಬೊಚ್ಚನ್' ಎಂಬ 1906ರ ಕಾದಂಬರಿಯು ಹಳ್ಳಿಗಾಡಿನ ಶಾಲೆಗೆ ಹೋದ ಒಬ್ಬ ಉಪಾಧ್ಯಾಯನ ಕಥೆಯೆಂದು ಕೇಳಿ, ಸ್ವಜಾತಿಯ ಅಭಿಮಾನದಿಂದ ತರಿಸಿಕೊಂಡೆನು. ಹದಿನೈದು ದಿನ ನಿಘಂಟನ್ನು ತಿರುವಿದರೂ ಎರಡನೆಯ ಪುಟ ಸಿಕ್ಕಲಿಲ್ಲ. ಎರಡನೆಯ ತಪ್ಪು ಭ್ರಾಂತಿಯದು. 2023ರ ಏಪ್ರಿಲಿನಲ್ಲಿ ಮೊಮ್ಮಗಳು ಶಾಲೆಗೆ ಸೇರಿದಳು. ಅವಳ ಒಂದನೆಯ ತರಗತಿಯ ವಾಚಕದಂಥದೊಂದನ್ನೇ ಓದಿದರೆ ಸುಲಭವಾದೀತೆಂದು ಎಣಿಸಿದೆನು. ಅಲ್ಲಿಯ ಮಕ್ಕಳಿಗೆ ಒಂದನೆಯ ತರಗತಿಯಲ್ಲಿ 80, ಎರಡನೆಯದರಲ್ಲಿ 160, ಹೀಗೆ ಆರು ವರ್ಷಗಳಲ್ಲಿ ಒಟ್ಟು 1,026 ಕಾಂಜಿಗಳನ್ನು ಕಲಿಸುತ್ತಾರೆ. ಕ್ರಮವೇನೋ ಸೊಗಸಾದುದೇ. ಆದರೆ ಆ ವಾಚಕವು ಮಾತು ಬಲ್ಲ ಮಗುವಿಗೆ ಓದು ಕಲಿಸುವ ಪುಸ್ತಕ. ನನಗಾದರೋ ಓದು ಗೊತ್ತು, ಮಾತು ತಿಳಿಯದು. ಅದರ ತುಂಬ ತೊಟ್ಟಿಲಿನಲ್ಲಿಯೇ ಕಲಿತ ಮಾತುಗಳು, ನಮ್ಮ ಗಳಗಳ, ಪಟಪಟಗಳಂಥ ಅನುಕರಣಶಬ್ದಗಳು. ಆರು ವರ್ಷದ ಮಗು ನಗುತ್ತ ಓದುವ ಪುಟದಲ್ಲಿ ಅರವತ್ತು ದಾಟಿದ ನಾನು ಬೆವರಿದೆನು.

ಮೂರನೆಯ ತಪ್ಪು ಪರೀಕ್ಷೆಯ ವ್ಯಾಮೋಹ. ಉಪಾಧ್ಯಾಯನಾದವನಿಗೆ ಇದು ಹುಟ್ಟುರೋಗ. 1984ರಲ್ಲಿ ಆರಂಭವಾದ ಜಪಾನೀ ಭಾಷಾಸಾಮರ್ಥ್ಯ ಪರೀಕ್ಷೆಯನ್ನು 2010ರಲ್ಲಿ ಐದು ಮಟ್ಟಗಳಾಗಿ ಮಾರ್ಪಡಿಸಿದರು. ಎನ್ 5 ಎಂಬುದು ಕೆಳಗಿನದು, ಎನ್ 1 ಮೇಲಿನದು. ಹಿಂದಿನ ಕೆಳಮಟ್ಟಕ್ಕೂ ಮೇಲುಮಟ್ಟಕ್ಕೂ ಅಂತರ ಬಹಳವಾಯಿತೆಂದು ನಡುವೆ ಎನ್ 3 ಎಂಬ ಹೊಸ ಮೆಟ್ಟಿಲನ್ನು ಕಟ್ಟಿದರೆಂಬುದೇ ಈ ಹಳ್ಳದ ಆಳಕ್ಕೆ ಸಾಕ್ಷಿ. ಎನ್ 3ಕ್ಕೆಂದು ಮಾಡಿದ ಅಭ್ಯಾಸಪುಸ್ತಕಗಳನ್ನು ನಾಲ್ಕು ಕೊಂಡೆನು. ಅವುಗಳಲ್ಲಿ ವ್ಯಾಕರಣರೂಪಗಳು ಸಂತೆಯ ಸಾಮಾನಿನಂತೆ ಸಾಲಾಗಿ ಕುಳಿತಿವೆ, ಒಂದಕ್ಕೊಂದಕ್ಕೆ ಸಂಬಂಧವಿಲ್ಲ. ಉತ್ತರಗಳೆಲ್ಲ ನಾಲ್ಕರಲ್ಲೊಂದನ್ನು ಗುರುತುಹಾಕುವುವೇ. ಬರೆಯುವ ಪ್ರಶ್ನೆಯೂ ಇಲ್ಲ, ಮಾತಾಡುವುದೂ ಇಲ್ಲ. ಉದ್ಯೋಗಕ್ಕೆ ಹೋಗುವ ತರುಣರಿಗೆ ಇವು ಅವಶ್ಯವಾದುವು. ಒಂದು ಪತ್ರವನ್ನು ಓದಿ ಅದಕ್ಕೆ ಉತ್ತರ ಬರೆಯಬೇಕಾದವನಿಗೆ ಇವು ಮುಖ್ಯವಾಗಲಾರವು.

ಒಂದು ಸಂಜೆ ಈ ಪುಸ್ತಕಗಳ ರಾಶಿಯ ಮುಂದೆ ಕುಳಿತಿದ್ದಾಗ ನನ್ನ ಗುರುಗಳು ನೆನಪಾದರು. ಪಾಠಶಾಲೆಯಲ್ಲಿ ಶಬ್ದಮಂಜರಿ, ಧಾತುರೂಪಾವಳಿ, ಅಮರ ಇವು ಬಾಯಿಪಾಠವಾದ ಕೂಡಲೆ ನಾನು ಗರ್ವದಿಂದ ಬಾಣನ ಕಾದಂಬರಿಯನ್ನು ಬಗಲಲ್ಲಿ ಇಟ್ಟುಕೊಂಡು ಅವರ ಮುಂದೆ ನಿಂತಿದ್ದೆನು. ಅವರು ನಕ್ಕು, ಅದನ್ನು ತೆಗೆದು ಗೂಡಿನಲ್ಲಿಟ್ಟು, ಮಲ್ಲಿನಾಥನ ವ್ಯಾಖ್ಯಾನ ಸಹಿತವಾದ ರಘುವಂಶವನ್ನು ಕೈಗೆ ಕೊಟ್ಟರು. "ಕಾವ್ಯವು ನಿನ್ನಿಂದ ಒಂದು ಮೊಳ ಮುಂದಿರಲಿ, ವ್ಯಾಖ್ಯಾನವು ನಿನ್ನ ಪಕ್ಕದಲ್ಲಿರಲಿ. ಮಾರು ದೂರವಾದರೆ ಓಡಿ ಬೀಳುತ್ತೀ" ಎಂದರು. ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ: ಇಷ್ಟೂ ಆಗುವವರೆಗೆ ಮುಂದಿನ ಶ್ಲೋಕವಿಲ್ಲ. ಐವತ್ತು ವರ್ಷಗಳ ಹಿಂದೆ ಕೇಳಿದ ಆ ಮಾತನ್ನು ನಾನು ನನ್ನ ವಿಷಯದಲ್ಲಿಯೇ ಮರೆತಿದ್ದೆನು.

ಆ ಮಾತನ್ನೇ ಅಳತೆಗೋಲಾಗಿ ಹಿಡಿದು ಮತ್ತೆ ಪರೀಕ್ಷಿಸಿದೆನು. ಮಧ್ಯಮ ತರಗತಿಗೆಂದು ಪ್ರಸಿದ್ಧವಾದ ಪಠ್ಯಗಳು ಕೆಲವುಂಟು. 'ಮಿನ್ನ ನೊ ನಿಹೊಂಗೊ' ಎಂಬ ಮಾಲೆಯ ಮೂಲಪುಸ್ತಕವು ಸಂಪೂರ್ಣವಾಗಿ ಜಪಾನೀ ಭಾಷೆಯಲ್ಲಿಯೇ ಇರುವುದು. ವಿವರಣೆಗೆ ಬೇರೆ ಪುಸ್ತಕ. ತರಗತಿಯಲ್ಲಿ ಗುರುವಿನೆದುರು ಕುಳಿತವನಿಗೆ ಅದು ಉತ್ತಮ. ಏಕಾಂಗಿಗೆ ವ್ಯಾಖ್ಯಾನವು ದೂರವಾಯಿತು. 2009ರಲ್ಲಿ ಕುರೋಶಿಯೊ ಪ್ರಕಾಶನದಿಂದ ಬಂದ 'ತೊಬಿರ' ಎಂಬುದರ ಹೆಸರಿಗೆ ಬಾಗಿಲೆಂದರ್ಥ. ಹದಿನೈದು ಅಧ್ಯಾಯಗಳಲ್ಲಿ ಆ ದೇಶದ ಭೂಗೋಳ, ಆಹಾರ, ಧರ್ಮ, ಇತಿಹಾಸ, ರಾಜಕೀಯಗಳನ್ನು ಗಂಭೀರವಾಗಿ ಹೇಳುವ ಒಳ್ಳೆಯ ಗ್ರಂಥವದು. ಆದರೆ ಮೊದಲನೆಯ ಪಾಠದಲ್ಲಿಯೇ ಬಾಗಿಲಿನ ಹೊಸ್ತಿಲು ನನ್ನ ಮೊಣಕಾಲಿಗಿಂತ ಎತ್ತರವಾಗಿತ್ತು. ಗೆಂಕಿಯನ್ನು ಹೊರತಂದವರೇ 2019 ಮತ್ತು 2020ರಲ್ಲಿ 'ಕ್ವಾರ್ಟೆಟ್' ಎಂಬ ಎರಡು ಸಂಪುಟಗಳನ್ನು ಹೊರತಂದಿದ್ದಾರೆ. ಓದು, ಬರಹ, ಮಾತು, ಶ್ರವಣ ಎಂಬ ನಾಲ್ಕು ಅಂಗಗಳು. ಒಟ್ಟು ಹನ್ನೆರಡು ಪಾಠ. ಕಲಿತ ಹಳೆಯ ವ್ಯಾಕರಣವನ್ನು ತಿರುಗಿ ತಿಕ್ಕಿ ಬೆಳಗಿಸುವ ಭಾಗವೂ ಅದರಲ್ಲಿದೆ. ಒಂದು ಮೊಳದ ಲೆಕ್ಕಕ್ಕೆ ಇದು ಸರಿಹೋಯಿತು. ತೊಬಿರವನ್ನು ಗೂಡಿನಲ್ಲಿಟ್ಟೆನು, ಬೊಚ್ಚನ್ನನ್ನು ಅದರ ಮೇಲಿಟ್ಟೆನು. ಎಸೆಯಲಿಲ್ಲ.

ಮೂಲಗ್ರಂಥಕ್ಕೆ ವ್ಯಾಖ್ಯಾನವಾಗಿ ಮಾಕಿನೊ ಮತ್ತು ತ್ಸುತ್ಸುಯಿ ಎಂಬ ಪಂಡಿತರಿಬ್ಬರ ವ್ಯಾಕರಣಕೋಶವನ್ನು ಇಟ್ಟುಕೊಂಡೆನು. ಅದರ ಪ್ರಥಮಭಾಗವು 1986ರಲ್ಲಿಯೂ ಮಧ್ಯಮಭಾಗವು 1995ರಲ್ಲಿಯೂ ಬಂದುವು. ಇದನ್ನು ಮೊದಲಿನಿಂದ ಕೊನೆಯವರೆಗೆ ಓದತಕ್ಕದ್ದಲ್ಲ. ಸಂಶಯ ಬಂದಾಗ ಹೋಗಿ ಕೇಳತಕ್ಕದ್ದು. ಚಿಂತನಿಕೆಗೆ 'ಅಂಕಿ' ಎಂಬ ಉಪಕರಣವು ಮೊಬೈಲಿನಲ್ಲಿಯೇ ದೊರೆಯುತ್ತದೆ. ಆ ಪದಕ್ಕೆ ಕಂಠಪಾಠವೆಂದರ್ಥ. ಮರೆಯುವ ಸಮಯಕ್ಕೆ ಸರಿಯಾಗಿ ಪದವನ್ನು ಮತ್ತೆ ಕೇಳುವ ಈ ಯಂತ್ರವು ಬೆತ್ತವಿಲ್ಲದ ಗುರು. ಅನ್ಯರು ಸಿದ್ಧಪಡಿಸಿದ ಸಾವಿರಾರು ಪದಗಳ ಪಟ್ಟಿಯನ್ನು ಅದಕ್ಕೆ ತುಂಬಿ ಮೊದಲು ಮೋಸಹೋದೆನು. ನಾನೇ ಓದಿದ ವಾಕ್ಯದಲ್ಲಿ ಕಂಡ ಪದವಲ್ಲದೆ ಬೇರೊಂದನ್ನು ಈಗ ಸೇರಿಸುವುದಿಲ್ಲ. ದಿನಕ್ಕೆ ಐದಕ್ಕಿಂತ ಹೆಚ್ಚೂ ಇಲ್ಲ.

ಇವುಗಳೊಡನೆ ಒಂದು ಸುಲಭವಾದ ಓದೂ ಬೇಕು. ಪರದೇಶೀಯರಿಗಾಗಿ ಮಟ್ಟವರಿತು ಬರೆದ ಚಿಕ್ಕ ಕಥೆಗಳ ಪುಸ್ತಿಕೆಗಳು ಅಲ್ಲಿ ದೊರೆಯುತ್ತವೆ. ಕಾಂಜಿಗಳ ಪಕ್ಕದಲ್ಲಿ 'ಫುರಿಗಾನ' ಎಂಬ ಸಣ್ಣ ಅಕ್ಷರಗಳಲ್ಲಿ ಉಚ್ಚಾರವನ್ನು ಕೊಟ್ಟಿರುವುದರಿಂದ ಓದು ತಡೆಯುವುದಿಲ್ಲ. 'ತದೊಕು', ಅಂದರೆ ಬಹುಪಠನ, ಎಂಬ ಪದ್ಧತಿಯವರು ಇದಕ್ಕೆ ನಾಲ್ಕು ನಿಯಮಗಳನ್ನು ಹೇಳುತ್ತಾರೆ: ಬಹಳ ಸುಲಭವಾದುದರಿಂದ ಹೊರಡು; ನಿಘಂಟನ್ನು ಮುಟ್ಟಬೇಡ; ತಿಳಿಯದ್ದನ್ನು ದಾಟಿ ಹೋಗು; ಸಾಗದಿದ್ದರೆ ಆ ಪುಸ್ತಕವನ್ನು ಬಿಟ್ಟು ಬೇರೊಂದನ್ನು ತೆಗೆದುಕೋ. ಪಾಠಶಾಲೆಯ ಪದ್ಧತಿಗೆ ಇದು ವಿರುದ್ಧವೆಂದು ಮೊದಲು ಸಿಟ್ಟು ಬಂದಿತು. ಆಮೇಲೆ ಯೋಚಿಸಿದರೆ, ಗುರುಗಳ ಬಳಿ ಶ್ಲೋಕ ಒಂದೊಂದನ್ನೇ ಬಿಡಿಸುತ್ತಿದ್ದ ನಾವೇ ರಾತ್ರಿ ಪುರಾಣಶ್ರವಣದಲ್ಲಿ ಅರ್ಧ ತಿಳಿದು ಅರ್ಧ ತಿಳಿಯದೆ ಸಂತೋಷಪಟ್ಟವರಲ್ಲವೆ? ಎರಡೂ ಬೇಕು. ಬೆಳಗ್ಗೆ ಬಿಡಿಸುವ ಓದು. ರಾತ್ರಿ ಹರಿಯುವ ಓದು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ನನ್ನ ಕೈಗೆ ಬಂದ ಪುಸ್ತಕಗಳೆಲ್ಲ ಇಂಗ್ಲಿಷಿನ ಮೂಲಕ ವಿವರಿಸುವಂಥವು. ಇಂಗ್ಲಿಷಿಗೂ ಜಪಾನಿಗೂ ವಾಕ್ಯದ ನಡೆ ತಲೆಕೆಳಗು. ಅದರಿಂದ ಸರಳವಾದುದೂ ಸುತ್ತಿ ಬಳಸಿ ಬರುತ್ತಿತ್ತು. ಒಂದು ದಿನ ಗುರುಗಳ ಕ್ರಮದಂತೆ ಅನ್ವಯವನ್ನು ಕನ್ನಡದಲ್ಲಿಯೇ ಬರೆದು ನೋಡಿದೆನು. 'ಕಿನೋ ಕತ್ತ ಹೊನ್': 'ನಿನ್ನೆ ಕೊಂಡ ಪುಸ್ತಕ'. ಮೂರಕ್ಕೆ ಮೂರು, ಸ್ಥಾನವೂ ಕದಲಲಿಲ್ಲ. 'ತಬೆತೆ ಮಿರು' ಎಂದರೆ 'ತಿಂದು ನೋಡು'. ಅಲ್ಲಿಯೂ ನೋಡುವುದು ಕಣ್ಣಿನಿಂದಲ್ಲ. 'ಕಯಿತೆ ಒಕು' ಎಂದರೆ 'ಬರೆದಿಡು'. 'ಒಶಿಯೆತೆ ಕುರೆರು' ಎಂಬುದಕ್ಕೆ ನಮ್ಮಲ್ಲಿ 'ಹೇಳಿಕೊಡು' ಎಂಬ ಮಾತು ಮೊದಲೇ ಸಿದ್ಧವಾಗಿದೆ. ಇಂಗ್ಲಿಷ್ ಪುಸ್ತಕವು ಅರ್ಧ ಪುಟ ವಿವರಿಸುವುದನ್ನು ನಮ್ಮ ಅಡಿಗೆಮನೆಯ ಕನ್ನಡವು ಎರಡು ಪದಗಳಲ್ಲಿ ಮುಗಿಸುತ್ತದೆ. ಭೇದವೂ ಉಂಟು. ನಮ್ಮ 'ಕೊಡು' ಎಂಬುದು ಯಾರು ಯಾರಿಗೆ ಕೊಟ್ಟರೂ ಒಂದೇ. ಅಲ್ಲಿ ನಾನು ಪರರಿಗೆ ಕೊಟ್ಟರೆ ಒಂದು ಧಾತು, ಪರರು ನನಗೆ ಕೊಟ್ಟರೆ ಬೇರೊಂದು. ಕೊಟ್ಟವರು ಪೂಜ್ಯರಾದರೆ 'ಕುದಸರು' ಎಂಬ ಮತ್ತೊಂದು. ಆದುದರಿಂದ ಕರ್ತೃಪದವನ್ನು ಹೇಳದಿದ್ದರೂ ಕ್ರಿಯಾಪದವೇ ಅದನ್ನು ತೋರಿಸಿಕೊಡುತ್ತದೆ.

ಕ್ವಾರ್ಟೆಟ್ಟಿನ ಮೊದಲನೆಯ ಸಂಪುಟ ಮುಗಿಯುವ ಹೊತ್ತಿಗೆ ಒಂದು ವರ್ಷವಾಗಿತ್ತು. ಪತ್ರವನ್ನು ಮತ್ತೆ ತೆಗೆದೆನು. ಈ ಸಲ ಒಂದೇ ದಿನ ಓದಬೇಕೆಂಬ ಹಟವಿರಲಿಲ್ಲ. ಕೈಬರಹದ ಅಕ್ಷರಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಬಿಡಿಸಿ ಬರೆದುಕೊಂಡೆನು. ಕೆಳಗೆ ಅನ್ವಯ, ಅದರ ಕೆಳಗೆ ಪ್ರತಿಪದಾರ್ಥ. ಹನ್ನೊಂದು ದಿನ ಹಿಡಿಯಿತು.

ಮೊದಲನೆಯ ಹಾಳೆಯಲ್ಲಿ ಅವರು ತಮ್ಮ ಪತಿಯ ಮಾತನ್ನು ತೆಗೆದಿದ್ದಾರೆ. ಅವರು ವಿಧವೆಯೆಂಬುದು ನಮಗೆ ಗೊತ್ತಿದ್ದ ಸಂಗತಿಯೇ. ಅಲ್ಲಿದ್ದ ಪದ 'ಸಕಿದತರೆತೆ'. 'ಸಕಿ' ಎಂದರೆ ಮುಂದೆ. 'ತತ್ಸು' ಎಂದರೆ ಹೊರಡು. ಇವು ಕೂಡಿ ಒಂದೇ ಧಾತುವಾಗಿ, ಮುಂದಾಗಿ ಹೊರಟುಹೋಗುವುದೆಂಬ ಅರ್ಥ. ಅದಕ್ಕೆ ಕರ್ಮಣಿಪ್ರತ್ಯಯ ಹತ್ತಿದೆ. ಅಕರ್ಮಕ ಧಾತುವಿಗೆ ಕರ್ಮಣಿಪ್ರತ್ಯಯವೆ? ಪಾಣಿನೀಯವನ್ನು ಓದಿದವನ ಹುಬ್ಬು ಏರುವುದು ಸಹಜ. ಪ್ರಾರಂಭದ ಪುಸ್ತಕದಲ್ಲಿಯೂ ಈ ಪ್ರಯೋಗವಿತ್ತು. ಮಳೆಯಲ್ಲಿ ನೆನೆದವನು ಅಲ್ಲಿ 'ಮಳೆಯಿಂದ ಸುರಿಯಲ್ಪಟ್ಟೆನು' ಎಂಬಂತೆ ಹೇಳುತ್ತಾನೆ. ಇದೆಂಥ ವಿಚಿತ್ರವೆಂದು ನಕ್ಕು ಪುಟ ತಿರುವಿದ್ದೆನು. ಕ್ರಿಯೆಯು ಯಾರದೋ, ಕಷ್ಟವು ನನ್ನದು ಎಂದು ಹೇಳುವ ರೂಪವದು. ಹೋದವರು ಹೋದರು, ಆ ಹೋಗುವಿಕೆಯು ಯಾರ ಮೇಲೆ ನಡೆಯಿತೋ ಅವರು ಮಾತಾಡುತ್ತಿದ್ದಾರೆ. "ನಾನೂ ಅದಕ್ಕೆ ಗುರಿಯಾದವಳು, ಆದುದರಿಂದ ಬರೆಯುತ್ತಿದ್ದೇನೆ" ಎಂಬುದು ಆ ಸಾಲಿನ ತಾತ್ಪರ್ಯ. ಮನೆಯಾಕೆ ಹೋದ ಮೇಲೆ ನನಗಾದುದೇನೆಂಬುದಕ್ಕೆ ನನ್ನ ಭಾಷೆಯಲ್ಲಿ ಪದ ಸಿಕ್ಕಿರಲಿಲ್ಲ. ಆ ದಿನ ಒಂದು ಪ್ರತ್ಯಯ ಸಿಕ್ಕಿತು.

ಎರಡನೆಯ ಹಾಳೆಯಲ್ಲಿ ಕೌದಿಯ ಮಾತು. ಒಂದು ಸಾಲನ್ನು ಹಿಂದೆಯೇ ಮೊಬೈಲಿನ ಭಾಷಾಂತರಯಂತ್ರಕ್ಕೆ ತೋರಿಸಿದ್ದೆನು. "ನಾನು ಬಿಡಿಸದೆ ಬಿಟ್ಟುಬಂದೆನು" ಎಂಬರ್ಥದ ಏನನ್ನೋ ಹೇಳಿತ್ತು. ಈಗ ನಾನೇ ಬಿಡಿಸಿದೆನು. 'ಹೊದೊಕಝು ನಿ': ಬಿಚ್ಚದೆ. 'ನೊಕೊಶಿತೆ': ಉಳಿಸಿ. 'ಕುದಸಾಯಿಮಶಿತ': ಕೊಟ್ಟರು. ಕರ್ತೃಪದವಿಲ್ಲ, ಆದರೆ 'ಕುದಸರು' ಎಂಬುದು ತನ್ನ ವಿಷಯದಲ್ಲಿ ಬರಲಾರದು. ಬಿಚ್ಚದೆ ಉಳಿಸಿಕೊಟ್ಟವಳು ನನ್ನ ಮನೆಯಾಕೆ! ಮೂಲೆಯಲ್ಲಿ ತಾನು ಹಾಕಿದ್ದ ಹೊಲಿಗೆಗಳು ಸೊಟ್ಟಗಿದ್ದುವೆಂದೂ, ಕೌದಿ ಮುಗಿಸುವಾಗ ಅವನ್ನು ಬಿಚ್ಚಿ ತಿದ್ದಿರುವರೆಂದು ಎಣಿಸಿದ್ದೆನೆಂದೂ, ಕೈಗೆ ಬಂದಾಗ ನೋಡಿದರೆ ಹಾಗೆಯೇ ಇದ್ದುವೆಂದೂ ಬೀಗಿತಿಯವರು ಬರೆದಿದ್ದಾರೆ. ಹಾಳಾದೀತೆಂದು ಎತ್ತಿಟ್ಟಿದ್ದರಂತೆ. ಸುದ್ದಿ ತಿಳಿದ ದಿನ ಹೊರಗೆ ತೆಗೆದು ಮೊಮ್ಮಗಳಿಗೆ ಹೊದಿಸಿದರಂತೆ.

ಮನೆಯಾಕೆಯ ಹೊಲಿಗೆ ಊರಿಗೇ ಹೆಸರಾದುದು. ಸೊಸೆಯಂದಿರು ನೆರೆಯವರು ಯಾರೇ ಸೊಟ್ಟಗೆ ಹಾಕಲಿ, ರಾತ್ರಿ ದೀಪದ ಮುಂದೆ ಬಿಚ್ಚಿ ಮತ್ತೆ ಹಾಕಿಯೇ ಮಲಗುವಳು. ಆ ಒಂದು ಮೂಲೆಯನ್ನು ಅವಳು ಮುಟ್ಟಲಿಲ್ಲವೆಂಬುದನ್ನು ನಲವತ್ತು ವರ್ಷ ಜೊತೆಗಿದ್ದ ನನಗೆ ಅವಳು ಹೇಳಿರಲಿಲ್ಲ. ಅದು ನನಗೆ ತಿಳಿದುಬಂದದ್ದು ಪರದೇಶದ ಭಾಷೆಯೊಂದರ ಕ್ರಿಯಾಪದದಿಂದ.

ಉತ್ತರವನ್ನು ಬರೆದು ಕಳುಹಿಸಿದೆನು. ಅರ್ಧ ಹಾಳೆ, ತಪ್ಪುಗಳೆಷ್ಟೋ. ಮಗನಿಗೆ ತೋರಿಸಿ ತಿದ್ದಿಸೋಣವೆಂದು ಒಮ್ಮೆ ಮನಸ್ಸಾಯಿತು. ಬಿಟ್ಟೆನು. ಸೊಟ್ಟಾದರೂ ನನ್ನ ಹೊಲಿಗೆಯೇ ಇರಲಿ ಎಂದುಕೊಂಡೆನು.

ಭಾಷೆ ಕಲಿಯಹೊರಟ ಕಿರಿಯರು ಈಗಲೂ ಬಂದು, ಮೊದಲನೆಯ ಪುಸ್ತಕ ಮುಗಿಯಿತು, ಮುಂದೆ ಯಾವುದು ಎಂದು ಕೇಳುತ್ತಾರೆ. ಯಾವ ಪುಸ್ತಕವೆಂದು ಹೇಳುವ ಮೊದಲು, ಯಾರ ಪತ್ರವನ್ನು ಓದಬೇಕಾಗಿದೆಯೆಂದು ನಾನು ಕೇಳುತ್ತೇನೆ. ಅದು ಗೊತ್ತಾದರೆ ಪುಸ್ತಕವನ್ನು ಆರಿಸುವುದು ಕಷ್ಟವಲ್ಲ: ಮೂಲಗ್ರಂಥ ಒಂದು, ವ್ಯಾಖ್ಯಾನ ಒಂದು, ಹಗುರವಾದ ಓದು ಒಂದು, ಮೂರಕ್ಕೆ ನಾಲ್ಕನೆಯದು ಬೇಡ. ನನ್ನ ಮಟ್ಟಿಗೆ ಎರಡನೆಯ ಸಂಪುಟವು ಈಗ ನಡೆದಿದೆ. ಅದು ಮುಗಿದ ಮೇಲೆ ತೊಬಿರ. ಅದರ ಮೇಲೆ ಕುಳಿತಿರುವ ಬೊಚ್ಚನ್ ಮಾಸ್ತರರನ್ನು ದಿನವೂ ಕಸಬರಿಗೆಯ ಧೂಳಿನಿಂದ ಒರೆಸಿಡುತ್ತೇನೆ. ಅವರಿಗೆ ಅವಸರವಿಲ್ಲ, ನನಗೆ ಸ್ವಲ್ಪ ಇದೆ.